ಬ್ಯಾಂಕಾಕ್–ಸಿಂಗಪುರ: ಹೋಗಲು ಮೂರೂವರೆ ಗಂಟೆ, ಬರಲು ಒಂದೂವರೆ ಗಂಟೆ?

ಹೇಮಾವತಿ_ತೀರ:

ಎಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮನನ್ನು ಕರೆದುಕೊಂಡು ಬ್ಯಾಂಕಾಕ್ ಮತ್ತು ಸಿಂಗಪುರ ನೋಡಿ ಬರುವ ಯೋಚನೆಯಿದೆ. ಬೆಂಗಳೂರು–ಬ್ಯಾಂಕಾಕ್ ಹೋಗಿ ಬರುವ ಟಿಕೆಟ್ ಅಗ್ಗಕ್ಕೆ ಸಿಗುತ್ತಿದೆ. ನಡುವೆ ಸಿಂಗಪುರಕ್ಕೆ ಬೇರೆ ಟಿಕೆಟ್ ತೆಗೆಯೋಣ ಎಂದುಕೊಂಡಿದ್ದೇನೆ.

ಗೊಂದಲ ಏನೆಂದರೆ, ಹೋಗುವ ವಿಮಾನ ಬ್ಯಾಂಕಾಕ್‌ನಿಂದ 10:00ಕ್ಕೆ ಹೊರಟು ಸಿಂಗಪುರಕ್ಕೆ 13:25ಕ್ಕೆ ತಲುಪುತ್ತದಂತೆ. ಬರುವ ವಿಮಾನ ಸಿಂಗಪುರದಿಂದ 18:00ಕ್ಕೆ ಹೊರಟು ಬ್ಯಾಂಕಾಕ್‌ಗೆ 19:25ಕ್ಕೇ ಬಂದುಬಿಡುತ್ತದೆ. ಅಪ್ಪ ನಿವೃತ್ತ ಗಣಿತದ ಮೇಷ್ಟ್ರು. ಕಾಗದದ ಮೇಲೆ ಕಳೆದು ನೋಡಿ, "ಒಂದೇ ದಾರಿಗೆ ಎರಡು ಗಂಟೆ ವ್ಯತ್ಯಾಸ ಹೇಗೆ ಬಂತು? ಬರುವಾಗ ಇಳಿಜಾರೇನು?" ಎಂದು ಕೇಳಿದರು.

ಇನ್ನು ದೂರದ ವಿಷಯ. ಒಂದು ಕಡೆ 1,415 ಕಿ.ಮೀ. ಎಂದಿದೆ, ಇನ್ನೊಂದು ಕಡೆ 1,430, ಮೊಬೈಲಿನ ನಕ್ಷೆಯಲ್ಲಿ 1,800ಕ್ಕೂ ಮೇಲೆ. ಯಾವುದನ್ನು ನಂಬುವುದು?

ಬರುವ ವಿಮಾನ ಇಳಿಯುವುದು ಬ್ಯಾಂಕಾಕ್‌ನ ಡಾನ್ ಮುಯಾಂಗ್ ನಿಲ್ದಾಣದಲ್ಲಿ. ಬೆಂಗಳೂರಿನ ವಿಮಾನ ಅದೇ ರಾತ್ರಿ 22:10ಕ್ಕೆ, ಅಲ್ಲಿನ ಇನ್ನೊಂದು ನಿಲ್ದಾಣವಾದ ಸುವರ್ಣಭೂಮಿಯಿಂದ. ನಡುವೆ ಎರಡೂಮುಕ್ಕಾಲು ಗಂಟೆ ಇದೆ. ಸಾಕಲ್ಲವೇ?

ಜುರಾಂಗ್_ನಿವಾಸಿ:

ಹೇಮಾವತಿಯವರೇ, ನಿಮ್ಮ ತಂದೆಯವರ ಕಳೆಯುವ ಲೆಕ್ಕದಲ್ಲಿ ದೋಷವಿಲ್ಲ. ಆದರೆ ಕಳೆದಿರುವುದು ಎರಡು ಬೇರೆ ಬೇರೆ ಊರುಗಳ ಗಡಿಯಾರಗಳನ್ನು. ಟಿಕೆಟ್ ಮೇಲೆ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಸಿಂಗಪುರ ಬ್ಯಾಂಕಾಕ್‌ಗಿಂತ ಒಂದು ಗಂಟೆ ಮುಂದಿದೆ. ಆದ್ದರಿಂದ ಹೋಗುವಾಗ ಒಂದು ಗಂಟೆ ಸೇರಿಕೊಂಡು 3:25 ಎಂದು ಕಾಣುತ್ತದೆ, ಬರುವಾಗ ಒಂದು ಗಂಟೆ ಕಳೆದು 1:25 ಎಂದು. ನಿಜವಾದ ಅವಧಿ ಎರಡೂ ಕಡೆಗೆ 2 ಗಂಟೆ 25 ನಿಮಿಷ. ಟಿಕೆಟ್ ಪುಟದಲ್ಲೇ ಸಣ್ಣ ಅಕ್ಷರದಲ್ಲಿ ಪ್ರಯಾಣದ ಅವಧಿ ಎಂದು ಬೇರೆಯಾಗಿ ಕೊಟ್ಟಿರುತ್ತಾರೆ, ಅದನ್ನೇ ನೋಡಿ.

ಊರಿನ ಲೆಕ್ಕವೂ ಇರಲಿ: ಬ್ಯಾಂಕಾಕ್ ಭಾರತದ ಸಮಯಕ್ಕಿಂತ ಒಂದೂವರೆ ಗಂಟೆ ಮುಂದೆ, ಸಿಂಗಪುರ ಎರಡೂವರೆ ಗಂಟೆ ಮುಂದೆ.

ಮೋಡದ_ಮೇಲೆ:

ಸಮಯದ ವ್ಯತ್ಯಾಸ ಒಂದು ಕಾರಣ ಇರಬಹುದು, ಆದರೆ ಗಾಳಿಯನ್ನು ಮರೆಯಬೇಡಿ. ವಿಮಾನಕ್ಕೆ ಎದುರುಗಾಳಿ ಇದ್ದರೆ ತಡವಾಗುತ್ತದೆ, ಹಿಂದಿನಿಂದ ಗಾಳಿ ಇದ್ದರೆ ಬೇಗ ತಲುಪುತ್ತದೆ. ದೆಹಲಿ–ಕೊಲ್ಕತ್ತಾ ಮಾರ್ಗದಲ್ಲಿ ಚಳಿಗಾಲದಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು.

ಅಕ್ಷಾಂಶ:

ದೆಹಲಿ–ಕೊಲ್ಕತ್ತಾ ಉದಾಹರಣೆ ಸರಿ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ, ಅಂದರೆ ಬಹಳ ಎತ್ತರದಲ್ಲಿ ಬೀಸುವ ಜೋರಾದ ಗಾಳಿ, ಹರಿಯುತ್ತದೆ, ವಿಮಾನವೂ ಅದೇ ದಿಕ್ಕಿನಲ್ಲಿ ಹೋಗುವುದರಿಂದ ಲಾಭ. ಬ್ಯಾಂಕಾಕ್–ಸಿಂಗಪುರ ಸಮಭಾಜಕದ ನೆರೆಯ ಆಕಾಶ. ಅಲ್ಲಿ ಮೇಲಿನ ಗಾಳಿ ಅಷ್ಟು ಬಲವಾಗಿಲ್ಲ, ಮೇಲಾಗಿ ದಾರಿ ಉತ್ತರ–ದಕ್ಷಿಣ. ಗಾಳಿಯಿಂದ ಆಚೀಚೆ ಆಗುವುದು ಕೆಲವೇ ನಿಮಿಷ, ಎರಡು ಗಂಟೆಯಲ್ಲ.

ದೂರದ ಪ್ರಶ್ನೆಗೆ ಬರುತ್ತೇನೆ. ಮೇಷ್ಟ್ರಿಗೆ ಖುಷಿಯಾಗಲೆಂದು ಲೆಕ್ಕವನ್ನೇ ಬರೆಯುತ್ತೇನೆ. ಸುವರ್ಣಭೂಮಿ ಇರುವುದು 13.68 ಡಿಗ್ರಿ ಉತ್ತರ ಅಕ್ಷಾಂಶ, 100.75 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸಿಂಗಪುರದ ಚಾಂಗಿ ನಿಲ್ದಾಣ ಇರುವುದು 1.36 ಉತ್ತರ, 103.99 ಪೂರ್ವದಲ್ಲಿ. ಅಕ್ಷಾಂಶದ ವ್ಯತ್ಯಾಸ 12.32 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಎಂದರೆ 1,368 ಕಿ.ಮೀ. ದಕ್ಷಿಣಕ್ಕೆ. ರೇಖಾಂಶದ ವ್ಯತ್ಯಾಸ 3.24 ಡಿಗ್ರಿ, ಅದು ಸುಮಾರು 357 ಕಿ.ಮೀ. ಪೂರ್ವಕ್ಕೆ. ಪೈಥಾಗೊರಸ್ ಹಾಕಿದರೆ ಸುಮಾರು 1,415 ಕಿ.ಮೀ. ಬರುತ್ತದೆ. ಭೂಮಿ ಗುಂಡಗಿದೆ ಎಂದು ಯಾರಾದರೂ ತಕರಾರು ತೆಗೆಯುವ ಮೊದಲೇ ಹೇಳುತ್ತೇನೆ: ಇಷ್ಟು ದೂರಕ್ಕೆ, ಸಮಭಾಜಕದ ಇಷ್ಟು ಹತ್ತಿರದಲ್ಲಿ, ಈ ಒರಟು ಲೆಕ್ಕಕ್ಕೂ ಸರಿಯಾದ ಲೆಕ್ಕಕ್ಕೂ ಅಂತರ ಬಹಳ ಸಣ್ಣದು.

1,430 ಎಂದು ಬರುವುದು ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯದೆ ನಗರದ ನಡುವಿನಿಂದ ನಗರದ ನಡುವಿಗೆ ಅಳೆದಾಗ. 1,800 ದಾಟಿರುವುದು ರಸ್ತೆಯ ದೂರ. ಥಾಯ್ಲೆಂಡ್ ಕೊಲ್ಲಿಯನ್ನು ಬಳಸಿಕೊಂಡು ಹೋಗುವ ದಾರಿ ಅದು. ಮೂರೂ ನಿಜವೇ. ವಿಮಾನ ಕೂಡ 1,415ರ ನೇರ ಗೆರೆಯ ಮೇಲೆಯೇ ಹಾರುವುದಿಲ್ಲ, ನಿಗದಿತ ವಾಯುಮಾರ್ಗಗಳಲ್ಲಿ ತಿರುಗಿಕೊಂಡು ಹೋಗುವುದರಿಂದ ಇನ್ನಷ್ಟು ಕಿ.ಮೀ. ಸೇರುತ್ತದೆ.

ಸಂದೇಹಿ:

ಅಕ್ಷಾಂಶದವರ ಲೆಕ್ಕ ನೋಡಿದ ಮೇಲೆ ನನಗೆ ಬೇರೆಯೇ ಪ್ರಶ್ನೆ ಹುಟ್ಟಿತು. ಸಿಂಗಪುರ ಬ್ಯಾಂಕಾಕ್‌ನ ದಕ್ಷಿಣಕ್ಕಿದೆ, ಪೂರ್ವಕ್ಕೆ ಸರಿದಿರುವುದು ಬರೀ 3.24 ಡಿಗ್ರಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯನ ವ್ಯತ್ಯಾಸ ಹದಿಮೂರು ನಿಮಿಷ. ಹಾಗಿದ್ದರೆ ಗಡಿಯಾರದಲ್ಲಿ ಅರವತ್ತು ನಿಮಿಷ ಏಕೆ?

ಜುರಾಂಗ್_ನಿವಾಸಿ:

ಒಳ್ಳೆಯ ಪ್ರಶ್ನೆ. ಉತ್ತರ ಭೂಗೋಳದಲ್ಲಿಲ್ಲ, ರಾಜಕೀಯದಲ್ಲಿದೆ.

ಥಾಯ್ಲೆಂಡ್ 1920ರಿಂದಲೂ ಗ್ರೀನಿಚ್‌ಗಿಂತ 7 ಗಂಟೆ ಮುಂದಿನ ಸಮಯವನ್ನೇ ಹಿಡಿದುಕೊಂಡಿದೆ. ಸಿಂಗಪುರದ ಕಥೆ ಹಾಗಲ್ಲ. 1905ರಲ್ಲಿ ಅಲ್ಲಿಯೂ 7 ಗಂಟೆಯೇ ಇತ್ತು. 1933ರಲ್ಲಿ 20 ನಿಮಿಷ ಮುಂದಕ್ಕೆ ಹಾಕಿದರು, 1941ರಲ್ಲಿ ಇನ್ನೂ 10 ನಿಮಿಷ ಸೇರಿಸಿ ಏಳೂವರೆ ಮಾಡಿದರು. 1942ರಲ್ಲಿ ಜಪಾನೀಯರು ವಶಪಡಿಸಿಕೊಂಡಾಗ ಟೋಕಿಯೊ ಸಮಯವನ್ನೇ ಹೇರಿದರು, ಅಂದರೆ 9 ಗಂಟೆ. ಯುದ್ಧ ಮುಗಿದ ಮೇಲೆ ಮತ್ತೆ ಏಳೂವರೆ.

ಕೊನೆಯ ಬದಲಾವಣೆ ಮಲೇಷ್ಯಾದಿಂದ ಬಂದದ್ದು. ಅಲ್ಲಿ ಪರ್ಯಾಯ ದ್ವೀಪದ ಭಾಗಕ್ಕೆ ಏಳೂವರೆ ಗಂಟೆಯ ಸಮಯ, ಬೋರ್ನಿಯೊದಲ್ಲಿರುವ ಸಬಾ, ಸರವಾಕ್‌ಗೆ 8 ಗಂಟೆಯ ಸಮಯ. ಒಂದೇ ದೇಶಕ್ಕೆ ಎರಡು ಗಡಿಯಾರ ಬೇಡವೆಂದು ಮಹಾಥಿರ್ ಮೊಹಮದ್ ಸರ್ಕಾರ 1982ರ ಜನವರಿ 1ರಿಂದ ಇಡೀ ದೇಶಕ್ಕೆ 8 ಗಂಟೆಯ ಸಮಯ ಮಾಡಿತು. ಗಡಿಯಾಚೆ ದಿನವೂ ಓಡಾಡುವ ವ್ಯಾಪಾರಿಗಳು, ಕೆಲಸಗಾರರು ಇರುವಾಗ ಸಿಂಗಪುರ ಬೇರೆಯಾಗಿ ಉಳಿಯುವಂತಿರಲಿಲ್ಲ, ಅದೂ ಜೊತೆಗೆ ಹೆಜ್ಜೆ ಹಾಕಿತು. 1981ರ ಡಿಸೆಂಬರ್ 31ರ ರಾತ್ರಿ 11:30 ಆಗುತ್ತಿದ್ದಂತೆ ಗಡಿಯಾರವನ್ನು ಹನ್ನೆರಡಕ್ಕೆ ತಿರುಗಿಸಿದರು.

ಇದರ ಫಲ ಇಲ್ಲಿ ಸಿಂಗಪುರದಲ್ಲಿ ಬದುಕುವ ನಮಗೆ ಗೊತ್ತು. ಸೂರ್ಯ ಹುಟ್ಟುವುದು ವರ್ಷವಿಡೀ ಏಳು ಗಂಟೆಯ ಆಸುಪಾಸು. ನಮ್ಮ ಕಟ್ಟಡದ ಕೆಳಗೆ ಆರೂವರೆಗೆ ಶಾಲೆಯ ಬಸ್ ಬಂದು ನಿಂತಾಗ ಬೀದಿದೀಪ ಇನ್ನೂ ಉರಿಯುತ್ತಿರುತ್ತದೆ, ಮಕ್ಕಳು ಆಕಳಿಸುತ್ತಾ ಕತ್ತಲಲ್ಲೇ ಹತ್ತುತ್ತಾರೆ. ಸಂಜೆ ಏಳಕ್ಕೆ ಇನ್ನೂ ಬೆಳಕು. ಹೇಮಾವತಿಯವರೇ, ನಿಮ್ಮ ತಂದೆಗೆ ಬೆಳಗಿನ ವಾಕಿಂಗ್ ರೂಢಿಯಿದ್ದರೆ ಮೊದಲೇ ಹೇಳಿಬಿಡಿ, ಐದೂವರೆಗೆ ಎದ್ದು ಕಿಟಕಿ ನೋಡಿದರೆ ನಡುರಾತ್ರಿಯಂತೆ ಇರುತ್ತದೆ.

ಗೇಟ್_ಹದಿನೆಂಟು:

ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿದವನಾಗಿ ಒಂದೆರಡು ಮಾತು. ಟಿಕೆಟ್‌ನಲ್ಲಿರುವ 2:25 ಹಾರಾಟದ ಸಮಯ ಎಂದು ಅನೇಕರು ತಿಳಿಯುತ್ತಾರೆ. ಅದು ಗೇಟಿನಿಂದ ಗೇಟಿಗೆ ಹಿಡಿದ ಸಮಯ. ನಮ್ಮಲ್ಲಿ ಬ್ಲಾಕ್ ಟೈಮ್ ಎನ್ನುತ್ತೇವೆ. ವಿಮಾನ ಗೇಟಿನಿಂದ ಹಿಂದೆ ಸರಿದ ಕ್ಷಣದಿಂದ ಆ ಕಡೆಯ ಗೇಟಿನಲ್ಲಿ ನಿಲ್ಲುವವರೆಗೆ. 1,415 ಕಿ.ಮೀ.ಯನ್ನು ಗಂಟೆಗೆ 840 ಕಿ.ಮೀ. ವೇಗದಿಂದ ಭಾಗಿಸಿದರೆ 1 ಗಂಟೆ 41 ನಿಮಿಷ ಬರುತ್ತದೆ. ಆದರೆ ಏರುವಾಗಲೂ ಇಳಿಯುವಾಗಲೂ ಆ ವೇಗ ಇರುವುದಿಲ್ಲ. ಅದಕ್ಕೆ ಹದಿನೈದು–ಇಪ್ಪತ್ತು ನಿಮಿಷ ಸೇರಿಸಿ, ಎರಡೂ ಕಡೆ ನೆಲದ ಮೇಲೆ ಉರುಳುವುದಕ್ಕೆ ಇನ್ನೊಂದು ಇಪ್ಪತ್ತು ಸೇರಿಸಿ. ಉಳಿದದ್ದು ಸಂಸ್ಥೆಗಳು ತಡವಾದರೂ ಹೆಸರು ಕೆಡದಿರಲಿ ಎಂದು ಮೊದಲೇ ಸೇರಿಸಿಕೊಳ್ಳುವ ಹೆಚ್ಚುವರಿ ನಿಮಿಷಗಳು. ಅದಕ್ಕೇ ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಹದಿನೈದೇ ನಿಮಿಷ ತಡವಾಗಿ ತಲುಪುವುದುಂಟು, ಪ್ರಯಾಣಿಕರು ಪೈಲಟ್ ಜೋರಾಗಿ ಓಡಿಸಿದ ಎಂದು ಹೊಗಳುವುದೂ ಉಂಟು.

ಗಾಳಿಯ ಮಾತು ಬಂತಲ್ಲ, ಮೇಲಿನ ಗಾಳಿಗಿಂತ ನೆಲದ ಗಾಳಿಯೇ ಇಲ್ಲಿ ಹೆಚ್ಚು ಆಟವಾಡಿಸುತ್ತದೆ. ವಿಮಾನ ಗಾಳಿಗೆ ಮುಖ ಮಾಡಿ ಇಳಿಯಬೇಕು. ಚಾಂಗಿಯ ರನ್‌ವೇಗಳು ಹೆಚ್ಚುಕಡಿಮೆ ಉತ್ತರ–ದಕ್ಷಿಣಕ್ಕಿವೆ. ನೈಋತ್ಯ ಮುಂಗಾರಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಇಳಿಯುವುದರಿಂದ ಉತ್ತರದಿಂದ ಬರುವ ಬ್ಯಾಂಕಾಕ್ ವಿಮಾನಕ್ಕೆ ನೇರ ದಾರಿ. ಡಿಸೆಂಬರ್, ಜನವರಿಯ ಈಶಾನ್ಯ ಗಾಳಿಯಲ್ಲಿ ಅದೇ ವಿಮಾನ ಊರನ್ನು ದಾಟಿ ಹೋಗಿ, ದಕ್ಷಿಣದಲ್ಲಿ ತಿರುಗಿಕೊಂಡು, ಉತ್ತರಕ್ಕೆ ಮುಖ ಮಾಡಿ ಇಳಿಯಬೇಕು. ಅಷ್ಟಕ್ಕೇ ಕೆಲವು ನಿಮಿಷ ಹೋಗುತ್ತದೆ. ಪ್ರಯಾಣಿಕರಿಗೆ ಕಾಣುವುದು, ನಿಲ್ದಾಣ ಕಣ್ಣೆದುರು ಇದ್ದರೂ ಪೈಲಟ್ ಸಮುದ್ರದ ಕಡೆ ಹೊರಟ ಎಂದು.

ಇದಲ್ಲದೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸುಮಾತ್ರಾ ದ್ವೀಪದ ಕಡೆಯಿಂದ ಗುಡುಗು ಮಳೆಯ ಸಾಲುಗಳು ನುಗ್ಗುತ್ತವೆ, ಹೆಚ್ಚಾಗಿ ಬೆಳಗಿನ ಜಾವ ಮತ್ತು ಬೆಳಿಗ್ಗೆ. ಆಗ ವಿಮಾನಗಳನ್ನು ಮೇಲೆಯೇ ಸುತ್ತು ಹೊಡೆಸುತ್ತಾರೆ. ಮಿಂಚು ಹತ್ತಿರವಿದ್ದರೆ ನೆಲದ ಮೇಲಿನ ಕೆಲಸಗಾರರನ್ನು ಒಳಗೆ ಕರೆಸಿಕೊಳ್ಳುವುದರಿಂದ ಸಾಮಾನು ಇಳಿಸುವುದೂ ನಿಲ್ಲುತ್ತದೆ.

ಮೋಡದ_ಮೇಲೆ:

ನೆಲದ ಗಾಳಿಯೇ ಆಗಲಿ, ಗಾಳಿ ಗಾಳಿಯೇ ತಾನೇ! ನನ್ನ ಮಾತಿಗೆ ಅರ್ಧ ಅಂಕವಾದರೂ ಕೊಡಿ.

ಅಕ್ಷಾಂಶ:

ಕಾಲು ಅಂಕ ಕೊಟ್ಟೆ.

ಹಳಿ_ಬಂಡಿ:

ಎಲ್ಲರೂ ಆಕಾಶದಲ್ಲೇ ಇದ್ದೀರಿ, ನಾನು ನೆಲದ ಮಾತು ಹೇಳುತ್ತೇನೆ. ಬ್ಯಾಂಕಾಕ್‌ನಿಂದ ಸಿಂಗಪುರದ ಬಾಗಿಲವರೆಗೆ ರೈಲಿನಲ್ಲಿಯೇ ಹೋಗಬಹುದು. ಒಂದೇ ರೈಲು ಅಲ್ಲ, ತುಂಡು ತುಂಡಾಗಿ. ಕ್ರುಂಗ್ ಥೆಪ್ ಅಫಿವಾಟ್ ನಿಲ್ದಾಣದಿಂದ ಮಧ್ಯಾಹ್ನ ಹೊರಡುವ ಸ್ಲೀಪರ್ ಗಾಡಿ ಮರುದಿನ ಬೆಳಿಗ್ಗೆ ಗಡಿಯ ಪಡಂಗ್ ಬೆಸಾರ್ ತಲುಪುತ್ತದೆ. ಅಲ್ಲಿಂದ ಮಲೇಷ್ಯಾದ ವಿದ್ಯುತ್ ರೈಲಿನಲ್ಲಿ ಕೌಲಾಲಂಪುರಕ್ಕೆ ಐದು ಗಂಟೆಗೂ ಸ್ವಲ್ಪ ಹೆಚ್ಚು, ಮುಂದೆ ಜೊಹೊರ್ ಬಹ್ರು. ಅಲ್ಲಿಂದ ಸಿಂಗಪುರಕ್ಕೆ ಸಮುದ್ರದ ಮೇಲೆ ಕಟ್ಟಿದ ಕಾಸ್‌ವೇ ಎಂಬ ದಾರಿಯನ್ನು ದಾಟುವ ಪುಟ್ಟ ರೈಲಿಗೆ ಐದು ನಿಮಿಷ ಸಾಕು, ವುಡ್‌ಲ್ಯಾಂಡ್ಸ್‌ನಲ್ಲಿ ಇಳಿಯುತ್ತೀರಿ. ಹಿಂದೆ ರೈಲು ಸಿಂಗಪುರ ನಗರದೊಳಗೆ ತಂಜೊಂಗ್ ಪಗಾರ್‌ವರೆಗೂ ಹೋಗುತ್ತಿತ್ತು, 2011ರಲ್ಲಿ ಅದನ್ನು ನಿಲ್ಲಿಸಿದರು. ಒಟ್ಟು ಹಳಿಯ ದೂರ 1,900 ಕಿ.ಮೀ. ದಾಟುತ್ತದೆ. ಆರಾಮವಾಗಿ ಎರಡು ಹಗಲು, ಒಂದೆರಡು ರಾತ್ರಿ ಇಟ್ಟುಕೊಳ್ಳಿ.

ನಿಮ್ಮ ಒಂದು ಗಂಟೆಯ ಗೊಂದಲ ಕಣ್ಣಿಗೆ ಕಟ್ಟಿದಂತೆ ಕಾಣುವುದು ಪಡಂಗ್ ಬೆಸಾರ್‌ನಲ್ಲೇ. ಎರಡೂ ದೇಶಗಳ ಪಾಸ್‌ಪೋರ್ಟ್ ತಪಾಸಣೆ ಒಂದೇ ನಿಲ್ದಾಣದೊಳಗೆ. ಥಾಯ್ ಗಾಡಿ ಬರುವುದು ಥಾಯ್ ಸಮಯಕ್ಕೆ, ಅದೇ ನಿಲ್ದಾಣದಿಂದ ಮಲೇಷ್ಯಾ ಗಾಡಿ ಹೊರಡುವುದು ಮಲೇಷ್ಯಾ ಸಮಯಕ್ಕೆ. ಎಂಟು ಗಂಟೆಗೆ ಇಳಿದೆ, ಒಂಬತ್ತಕ್ಕೆ ಗಾಡಿ, ಒಂದು ಗಂಟೆ ಬಿಡುವಿದೆ ಎಂದು ಚಹಾ ಹೇಳಿ ಕುಳಿತವರ ಎದುರಿನಿಂದಲೇ ಗಾಡಿ ಹೊರಟು ಹೋಗುತ್ತದೆ.

ಸಂದೇಹಿ:

ಎರಡು ಗಂಟೆ ಇಪ್ಪತ್ತೈದು ನಿಮಿಷದ ಕೆಲಸಕ್ಕೆ ಎರಡು ದಿನ! ಅಪ್ಪ, ಅಮ್ಮನ ಜೊತೆ ಬೇಡ ಸ್ವಾಮಿ.

ಹಳಿ_ಬಂಡಿ:

ಅವರನ್ನು ಹತ್ತಿಸಿ ಎನ್ನಲಿಲ್ಲ. ಎರಡು ಗಂಟೆಯ ವಿಮಾನ ಎಂದು ಹೊರಟವರೂ ಮನೆಯಿಂದ ಹೋಟೆಲ್ಲಿನವರೆಗೆ ಲೆಕ್ಕ ಹಾಕಿದರೆ ಏಳು ಗಂಟೆ ಆಗಿರುತ್ತದೆ ಎಂದಷ್ಟೇ ಹೇಳುವುದು.

ಜುರಾಂಗ್_ನಿವಾಸಿ:

ಅದು ಮಾತ್ರ ನಿಜ. ಬ್ಯಾಂಕಾಕ್‌ನ ಪಟ್ಟಣದ ನಡುವಿನಿಂದ ಸುವರ್ಣಭೂಮಿಗೆ ಸುಮಾರು 30 ಕಿ.ಮೀ. ಸಂಜೆಯ ಸಂಚಾರದಲ್ಲಿ ಟ್ಯಾಕ್ಸಿ ಎಷ್ಟು ಹೊತ್ತಿಗೆ ಮುಟ್ಟಿಸುತ್ತದೆ ಎಂದು ಚಾಲಕನೂ ಹೇಳಲಾರ. ಫಯಾ ಥಾಯ್ ನಿಲ್ದಾಣದಿಂದ ಏರ್‌ಪೋರ್ಟ್ ರೈಲು ಹಿಡಿದರೆ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ನಿಲ್ದಾಣದಲ್ಲಿ ಎರಡೂವರೆ, ಮೂರು ಗಂಟೆ ಮೊದಲು ಇರಬೇಕು. ಈ ಕಡೆ ಚಾಂಗಿಯಲ್ಲಿ ವಲಸೆ ತಪಾಸಣೆ ಬೇಗ ಮುಗಿಯುತ್ತದೆ. ಮೆಟ್ರೊ ಇದೆ, ಆದರೆ ತನಾ ಮೆರಾದಲ್ಲಿ ಇಳಿದು ಗಾಡಿ ಬದಲಿಸಬೇಕು. ಪೆಟ್ಟಿಗೆಗಳಿದ್ದು ಹಿರಿಯರೂ ಇದ್ದರೆ ಟ್ಯಾಕ್ಸಿಯೇ ಲೇಸು.

ಗೇಟ್_ಹದಿನೆಂಟು:

ಎಲ್ಲರೂ ಗಡಿಯಾರ, ಸೂರ್ಯ, ರೈಲು ಎಂದು ಮಾತಾಡುತ್ತಾ ಹೇಮಾವತಿಯವರ ಕೊನೆಯ ಪ್ರಶ್ನೆಯನ್ನು ಬಿಟ್ಟುಬಿಟ್ಟಿದ್ದೇವೆ. ನನಗೆ ದಿಗಿಲು ಹುಟ್ಟಿಸಿದ್ದು ಅದೇ.

ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ಡಾನ್ ಮುಯಾಂಗ್ ಹಳೆಯದು, 1914ರದು, ಊರಿನ ಉತ್ತರಕ್ಕೆ. ಎರಡು ರನ್‌ವೇಗಳ ನಡುವೆ ಗಾಲ್ಫ್ ಮೈದಾನ ಇರುವುದಕ್ಕೇ ಅದು ಹೆಸರುವಾಸಿ. ಸುವರ್ಣಭೂಮಿ 2006ರದು, ಊರಿನ ಪೂರ್ವಕ್ಕೆ. ಟಿಕೆಟ್ ಮೇಲೆ ಸುವರ್ಣಭೂಮಿಗೆ ಬಿಕೆಕೆ, ಡಾನ್ ಮುಯಾಂಗ್‌ಗೆ ಡಿಎಂಕೆ ಎಂದಿರುತ್ತದೆ. (ಚೆನ್ನೈಗೂ ಇದಕ್ಕೂ ಸಂಬಂಧವಿಲ್ಲ.) ಎರಡರ ನಡುವೆ ರಸ್ತೆಯಲ್ಲಿ 40 ಕಿ.ಮೀ.ಗೂ ಹೆಚ್ಚು.

ಈಗ ನಿಮ್ಮ ಎರಡೂಮುಕ್ಕಾಲು ಗಂಟೆಯನ್ನು ಬಿಡಿಸಿ ನೋಡೋಣ. ವಿಮಾನ ಸರಿಯಾದ ಹೊತ್ತಿಗೇ 19:25ಕ್ಕೆ ನಿಂತಿತು ಎನ್ನಿ. ಇಳಿದು, ನಡೆದು ವಲಸೆ ಸಾಲಿಗೆ ಬರುವಾಗ 19:45. ಬೇರೆ ಬೇರೆ ಟಿಕೆಟ್ ಆದ್ದರಿಂದ ನೀವು ಥಾಯ್ಲೆಂಡಿನೊಳಗೆ ಹೊಸದಾಗಿ ಪ್ರವೇಶ ಪಡೆಯಲೇಬೇಕು. ಸಾಲು, ಮೊಹರು, ಪೆಟ್ಟಿಗೆ ಎಲ್ಲ ಮುಗಿಸಿ ಹೊರಬರುವಾಗ 20:30. ಎರಡು ನಿಲ್ದಾಣಗಳ ನಡುವೆ ಮುಂದಿನ ಟಿಕೆಟ್ ತೋರಿಸಿದವರಿಗೆ ಉಚಿತ ಬಸ್ ಇದೆ, ಆದರೆ ಬಸ್ಸಾಗಲಿ ಟ್ಯಾಕ್ಸಿಯಾಗಲಿ ಒಂದು ಗಂಟೆ ಹಿಡಿಯಿರಿ. ಅಲ್ಲಿಗೆ 21:30. ಅಂತಾರಾಷ್ಟ್ರೀಯ ವಿಮಾನಗಳ ಚೆಕ್-ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತದೆ, ಅಂದರೆ 21:10. ಎಲ್ಲವೂ ಸರಿಯಾಗಿ ನಡೆದರೂ ನೀವು ಇಪ್ಪತ್ತು ನಿಮಿಷ ತಡ. ಸುಮಾತ್ರಾ ಮಳೆ, ಶುಕ್ರವಾರದ ಸಂಜೆ, ಅಮ್ಮನ ಮಂಡಿನೋವು ಇವು ಯಾವುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಬೇರೆ ಟಿಕೆಟ್ ಎಂದಮೇಲೆ ಮೊದಲನೆಯ ಸಂಸ್ಥೆಗೆ ನಿಮ್ಮ ಎರಡನೆಯ ವಿಮಾನದ ಹೊಣೆಯಿಲ್ಲ. ಆ ರಾತ್ರಿ ಮೂವರಿಗೂ ಹೊಸ ಟಿಕೆಟ್ ತೆಗೆಯಬೇಕಾಗುತ್ತದೆ.

ಅಕ್ಷಾಂಶ:

ಇನ್ನೊಂದು ಕೋನದಿಂದಲೂ ನೋಡಿ. ಬೆಂಗಳೂರು ಮತ್ತು ಬ್ಯಾಂಕಾಕ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿಯ ಚಿಲ್ಲರೆ. ನಡುವಿನ ದೂರ ಸುಮಾರು 2,490 ಕಿ.ಮೀ. ಸಿಂಗಪುರದಿಂದ ಬೆಂಗಳೂರಿಗೆ ನೇರವಾಗಿ ಸುಮಾರು 3,180. ಸಿಂಗಪುರದಿಂದ ಬ್ಯಾಂಕಾಕ್‌ಗೆ ಹೋಗಿ ಅಲ್ಲಿಂದ ಮನೆಗೆ ಎಂದರೆ 1,415 ಕೂಡಿಸು 2,490, ಒಟ್ಟು 3,905. ಸುಮ್ಮನೆ 725 ಕಿ.ಮೀ. ಹೆಚ್ಚು ಸುತ್ತುತ್ತಿದ್ದೀರಿ, ಅದೂ ನಡುವೆ ಇಳಿದು ಹತ್ತಿ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೋಗಿ, ಸಿಂಗಪುರದಿಂದ ಬೆಂಗಳೂರಿಗೆ ಬರುವಂತೆ ಟಿಕೆಟ್ ತೆಗೆಯಿರಿ. ಸಿಂಗಪುರದಿಂದ ನೇರ ವಿಮಾನ ನಾಲ್ಕೂವರೆ ಗಂಟೆ. ರಾತ್ರಿ ಎಂಟಕ್ಕೆ ಹೊರಟರೆ ನಮ್ಮ ಹತ್ತು ಗಂಟೆಯ ಸುಮಾರಿಗೆ ದೇವನಹಳ್ಳಿ.

ಹೇಮಾವತಿ_ತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ 3.24 ಡಿಗ್ರಿಯ ಲೆಕ್ಕ ಓದಿ ಹೇಳಿದೆ. ಅವರು ಪೈಥಾಗೊರಸ್ ತಾವೇ ಮಾಡಿ ನೋಡಿ, ಸರಿ ಎಂದು ಒಪ್ಪಿದರು. ಅಕ್ಷಾಂಶದವರು ಹೇಳಿದಂತೆ ನೋಡಿದೆ. ಬ್ಯಾಂಕಾಕ್‌ಗೆ ಒಂದು ಕಡೆಯ ಟಿಕೆಟ್, ಸಿಂಗಪುರದಿಂದ ಒಂದು ಕಡೆಯ ಟಿಕೆಟ್ ಎಂದರೆ ಮೊದಲಿನದಕ್ಕಿಂತ ತುಸು ಹೆಚ್ಚಾಗುತ್ತದೆ, ಆದರೆ ಸಿಂಗಪುರದಿಂದ ಡಾನ್ ಮುಯಾಂಗ್‌ಗೆ ಬರುವ ಟಿಕೆಟ್ ಮತ್ತು ಆ ಸಂಜೆಯ ಟ್ಯಾಕ್ಸಿಯ ಖರ್ಚು ಉಳಿಯುತ್ತದೆ. ಇದನ್ನೇ ಮಾಡುತ್ತೇನೆ.

ಇನ್ನೂ ಎರಡು ಪ್ರಶ್ನೆ. ಬ್ಯಾಂಕಾಕ್‌ನಿಂದ ಸಿಂಗಪುರಕ್ಕೆ ಹೋಗುವುದಕ್ಕೆ ಯಾವ ನಿಲ್ದಾಣ ಒಳ್ಳೆಯದು? ಅಮ್ಮನಿಗೆ ಹೆಚ್ಚು ನಡೆಯಲಾಗುವುದಿಲ್ಲ, ಗಾಲಿಕುರ್ಚಿ ಸಿಗುತ್ತದೆಯೇ?

ಜುರಾಂಗ್_ನಿವಾಸಿ:

ಈಗ ಓಡಿ ಹಿಡಿಯಬೇಕಾದ ಮುಂದಿನ ವಿಮಾನ ಇಲ್ಲವಾದ್ದರಿಂದ ಯಾವ ನಿಲ್ದಾಣವಾದರೂ ಸರಿ. ನಿಮ್ಮ ಹೋಟೆಲ್ ಯಾವುದಕ್ಕೆ ಹತ್ತಿರವೋ ಅದನ್ನು ಆರಿಸಿಕೊಳ್ಳಿ. ಸುಖುಮ್‌ವಿಟ್ ಕಡೆ ಉಳಿದುಕೊಂಡರೆ ಸುವರ್ಣಭೂಮಿ ಅನುಕೂಲ. ಸಿಂಗಾಪುರ್ ಏರ್‌ಲೈನ್ಸ್, ಥಾಯ್ ಏರ್‌ವೇಸ್ ಎರಡೂ ಅಲ್ಲಿಂದಲೇ ಹೊರಡುತ್ತವೆ.

ಕಾಗದಪತ್ರದ ಮಾತು: ಸಿಂಗಪುರಕ್ಕೆ ಭಾರತೀಯರಿಗೆ ವೀಸಾ ಬೇಕು, ಮೊದಲೇ ಮಾಡಿಸಿ. ಎರಡೂ ದೇಶಗಳಿಗೆ ಆಗಮನದ ಅರ್ಜಿಯನ್ನು ತಲುಪುವುದಕ್ಕೆ ಮೊದಲಿನ ಮೂರು ದಿನದೊಳಗೆ ಅಂತರಜಾಲದಲ್ಲಿ ತುಂಬಬೇಕು; ಥಾಯ್ಲೆಂಡಿನಲ್ಲಿ ಇದು 2025ರ ಮೇ 1ರಿಂದ ಜಾರಿಗೆ ಬಂದಿದೆ. ಎರಡೂ ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ.

ಗೇಟ್_ಹದಿನೆಂಟು:

ಗಾಲಿಕುರ್ಚಿ ಸಿಗುತ್ತದೆ, ಆದರೆ ಕೌಂಟರಿಗೆ ಹೋಗಿ ಕೇಳೋಣ ಎಂದು ಬಿಡಬೇಡಿ. ಕನಿಷ್ಠ 48 ಗಂಟೆ ಮೊದಲು ಸಂಸ್ಥೆಗೆ ತಿಳಿಸಿ, ಮೂರೂ ವಿಮಾನಗಳಿಗೂ ಬೇರೆ ಬೇರೆಯಾಗಿ. ಮೆಟ್ಟಿಲು ಹತ್ತಬಲ್ಲರೇ, ಇಲ್ಲವೇ ಎಂದು ಅವರು ಕೇಳುತ್ತಾರೆ, ಇದ್ದದ್ದನ್ನು ಇದ್ದಂತೆ ಹೇಳಿ.

ವಾಪಸು ಬರುವಾಗ ಇನ್ನೊಂದು ವಿಷಯ ಗಮನದಲ್ಲಿರಲಿ. ಚಾಂಗಿಯ 1, 2, 3ನೇ ಟರ್ಮಿನಲ್‌ಗಳಲ್ಲಿ ಭದ್ರತಾ ತಪಾಸಣೆ ನಡೆಯುವುದು ಗೇಟಿನ ಬಾಗಿಲಲ್ಲೇ. ನೀರಿನ ಬಾಟಲಿಯನ್ನು ಅಲ್ಲೇ ಖಾಲಿ ಮಾಡಿಸುತ್ತಾರೆ. ಅಂಗಡಿ ಬೀದಿಯಲ್ಲಿ ಕೊನೆಯ ಕ್ಷಣದವರೆಗೆ ಅಡ್ಡಾಡಿ ಓಡಿ ಬಂದವರು ಆ ಸಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಅಮ್ಮನಿಗೆ ಮಾತ್ರೆ ನುಂಗಲು ನೀರು ಬೇಕಿದ್ದರೆ ತಪಾಸಣೆಗೆ ಮೊದಲೇ ಕೊಟ್ಟುಬಿಡಿ. ಟಿಕೆಟ್‌ನಲ್ಲಿ ಟರ್ಮಿನಲ್ 4 ಎಂದಿದ್ದರೆ ಅದು ಉಳಿದವುಗಳಿಂದ ಬೇರೆಯಾಗಿ ನಿಂತ ಕಟ್ಟಡ, ರೈಲು ಹೋಗುವುದಿಲ್ಲ, ಬಸ್ ಹಿಡಿಯಬೇಕು. ಟ್ಯಾಕ್ಸಿಯವರಿಗೆ ಹತ್ತುವಾಗಲೇ ಟರ್ಮಿನಲ್ ಸಂಖ್ಯೆ ಹೇಳಿ.